ಪಡ್ಡಲಗಿ

ವರ್ಷದ ಹನ್ನೊಂದು ತಿಂಗಳು ನಮ್ಮ ಮನೆಯ ಅಟ್ಟದ ಮೇಲೆ ಬೋರಲಾಗಿ ಬಿದ್ದಿರುತ್ತಿದ್ದ, ಭಂಡಾರ ಮೆತ್ತಿ ಹಳದಿಗಟ್ಟಿದ, ಬಿದಿರಿನ ಒಂದು ಚಿಕ್ಕ ಬುಟ್ಟಿಗೆ ಭಾರತ ಹುಣ್ಣಿಮೆ ಸಮೀಪಿಸಿದೊಡನೆ ಸಲ್ಲುತ್ತಿದ್ದ ಮರ್ಯಾದೆಯು ಹಬ್ಬಕ್ಕೆ ಬಂದ ಅಳಿಯನಿಗೂ ಸಲ್ಲುತ್ತಿರಲಿಲ್ಲ. ಅದೇ ಪಡ್ಡಲಗಿ. ಅಜ್ಜಿಯು ಅದನ್ನಿಳಿಸಿ, ತೊಳೆದು, ಬಿಸಿಲಿಗಿಟ್ಟಳೆಂದರೆ ಬೈಲಹೊಂಗಲದ ನಮ್ಮ ಓಣಿಗೆ ಓಣಿಯೇ ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಹೂಡಲು ಸಿದ್ಧವಾಗುತ್ತಿದ್ದಿತು. ಗುಡ್ಡದ ಮೇಲೆ ಕಲ್ಲೊಲೆ ಹೂಡಿ, ಹೋಳಿಗೆ, ಕಡುಬು, ರೊಟ್ಟಿ, ಬದನೆಕಾಯಿಪಲ್ಯಗಳನ್ನು ಮಾಡಿ, ಪಡ್ಡಲಗಿಯನ್ನು ತುಂಬಿಸಿ, ಜೋಗತಿಯರ ಚೌಡಿಕೆಯೊಡನೆ ‘ಉಧೋ ಉಧೋ’ ಎಂಬ ಘೋಷವು ಮುಗಿಯುವವರೆಗೂ ನಮ್ಮಂಥ ಹುಡುಗರು ಅನುಭವಿಸುತ್ತಿದ್ದ ಹಸಿವನ್ನು ತಪಸ್ಸೆಂದೇ ಕರೆಯಬೇಕು.

ಆ ಬುಟ್ಟಿಯ ಹಿಂದಿರುವ ಕಥೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿಲ್ಲ. ಮಲಪ್ರಭೆಯ ಹಸಿಮರಳಿನಿಂದಲೇ ಕೊಡವನ್ನು ಮಾಡಿ, ಹಾವನ್ನೇ ಸಿಂಬೆಯಾಗಿ ಸುತ್ತಿ, ಪತಿಯಾದ ಜಮದಗ್ನಿಯ ಪೂಜೆಗೆ ನಿತ್ಯವೂ ನೀರು ತರುತ್ತಿದ್ದ ರೇಣುಕೆಯು ಒಂದು ದಿನ ಜಲಕ್ರೀಡೆಯಲ್ಲಿದ್ದ ಗಂಧರ್ವನನ್ನು ಕಂಡು ಕ್ಷಣಮಾತ್ರ ಚಂಚಲಚಿತ್ತಳಾಗಲು, ಕೊಡವು ಕರಗಿತು, ಹಾವು ಹರಿದುಹೋಯಿತು. ಶಾಪದಿಂದ ಮೈಯೆಲ್ಲ ಕುಷ್ಠವಾಗಿ ಕಾಡುಪಾಲಾದ ಆಕೆಯು ಎಕ್ಕಯ್ಯ ಜೋಗಯ್ಯರ ಕೃಪೆಯಿಂದ ಗುಣಹೊಂದಿ ಮರಳಿದಾಗಲೂ ಋಷಿಯ ಕೋಪವು ಮಾತ್ರ ಗುಣವಾಗಿರಲಿಲ್ಲ. ತಂದೆಯ ಆಜ್ಞೆಯಂತೆ ತಾಯಿಯ ಶಿರವನ್ನರಿದ ಪರಶುರಾಮನೇ, ವರವನ್ನು ಬೇಡೆಂದಾಗ ಆಕೆಯ ಪ್ರಾಣವನ್ನು ಬೇಡಿದನು. ಮುಂದೆ ಪತಿಯೂ ಹತನಾಗಿ ವೈಧವ್ಯವೂ ಬಂದಿತೆಂದು ಹೊಸ್ತಿಲ ಹುಣ್ಣಿಮೆಯಂದು ಗುಡ್ಡದಲ್ಲಿ ಬಳೆ ಒಡೆಯುವರು. ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ.

ನಿರ್ದೋಷಿಯಾದ ಪರಮಾತ್ಮನು ಸದೋಷರಾದ ಮನುಷ್ಯರ ಮೇಲೆ ಕರುಣೆಯಿಡುವನೆಂಬುದನ್ನು ನಾನು ಒಪ್ಪತಕ್ಕವನೇ ಆದರೂ, ಆ ಕರುಣೆಯಲ್ಲಿ ಎತ್ತರದಿಂದ ಬಗ್ಗಿ ನೋಡುವ ಭಂಗಿಯೊಂದು ಉಳಿದೇ ಇರುವುದೆಂದು ನನ್ನ ಗುಮಾನಿ. ಎಲ್ಲಮ್ಮನೆಂದು ಪೂಜೆಗೊಳ್ಳುವ ಈ ರೇಣುಕೆಯಲ್ಲಿ ಅದಿಲ್ಲ. ತಪ್ಪಿತಸ್ಥಳೆನಿಸಿಕೊಂಡು, ರೋಗಿಯಾಗಿ, ಸ್ವಂತ ಮಗನ ಕೊಡಲಿಗೆ ಕೊರಳೊಡ್ಡಿ, ವಿಧವೆಯಾಗಿ ಬಂದವಳ ಮುಂದೆ ತನ್ನ ತಪ್ಪನ್ನು ಹೇಳಿಕೊಳ್ಳಲು ಯಾರು ತಾನೆ ನಾಚಿಯಾರು? ಮೊದಲು ಜೋಗುಳಬಾವಿಯಲ್ಲಿ ಮುಳುಗೆದ್ದು ಬೆಟ್ಟವನ್ನೇರುವ ಲಕ್ಷಾವಧಿ ಜನರು ನ್ಯಾಯಾಧೀಶನ ಬಳಿಗೆ ಹೋಗುವವರಂತೆ ನನಗೆಂದೂ ತೋರಿಲ್ಲ. ಅವರು ತವರಿಗೆ ಹೋಗುವರು.

ಒಂದು ವರ್ಷ, ಮನೆ ಬಿಟ್ಟುಹೋಗಿ ಬಹುಕಾಲದ ಮೇಲೆ ಮರಳಿದ್ದ ನಮ್ಮ ಓಣಿಯ ಹೆಂಗಸೊಬ್ಬಳು ಗುಡ್ಡದಲ್ಲಿ ನಮ್ಮ ಬೀಡಿನ ಅಂಚಿಗೆ ನಿಂತು, ಸೆರಗಿನಲ್ಲಿ ಕಟ್ಟಿತಂದ ಎರಡು ರೊಟ್ಟಿಗಳನ್ನು ಹಾಕಲೋ ಬೇಡವೋ ಎಂದು ಅನುಮಾನಿಸುತ್ತಿರಲು, ನೆರೆದ ಮುತ್ತೈದೆಯರ ಮುಖಗಳು ಬಿಗಿದುಕೊಂಡವು. ಅಜ್ಜಿಯು ಪಡ್ಡಲಗಿಯನ್ನೇ ಆಕೆಯ ಮುಂದಕ್ಕೆ ಸರಿಸಿದಳು. “ಅವ್ವಗ ನಡೀತೈತಿ ಅಂದಮ್ಯಾಲ ನಿಮ್ಮದೇನವಾ ತಕರಾರು?” ಎಂದು ಕೇಳಿದಳಷ್ಟೆ. ಅಜ್ಜಿಯ ತವರು ರಾಮದುರ್ಗದ ಕಡೆಯದು. ಗೊಡಚಿಯ ವೀರಭದ್ರನ ಒಕ್ಕಲು. ದಕ್ಷನ ತಲೆಯನ್ನರಿದ ಆ ಉಗ್ರದೇವರ ಕಥೆಯಲ್ಲಿಯೂ ದಕ್ಷನಿಗೆ ಕೊನೆಗೊಂದು ಟಗರಿನ ತಲೆಯಾದರೂ ದೊರೆಯಿತಲ್ಲವೆ!

ದೇವಿಯು ಕರುಣಾಳುವಾದ ಮಾತ್ರಕ್ಕೆ ಭಕ್ತರೂ ಹಾಗಿರುವರೆಂದು ತಿಳಿಯತಕ್ಕದ್ದಲ್ಲ. ಆಕೆಯ ಹೆಸರಿನಲ್ಲಿಯೇ ಬಡವರ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಬೀದಿಪಾಲು ಮಾಡಿದವರು ಇದೇ ‘ಉಧೋ’ ಎಂದವರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಲು 1982ರ ಕಾಯಿದೆಯೇ ಬೇಕಾಯಿತು.

ಕರುಣೆಯನ್ನು ತೋರಿದವರಿಗೆ ಅದು ಮರಳಿ ದೊರೆಯುವುದೆಂಬ ಭರವಸೆಯೂ ಈ ನೆಲದಲ್ಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾದ ಥ್ಯಾಕರೆಯು ಹತನಾದಾಗ ಸೆರೆಸಿಕ್ಕ ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳನ್ನು ರಾಣಿ ಚೆನ್ನಮ್ಮನು ಸೌಜನ್ಯದಿಂದ ನಡೆಸಿಕೊಂಡು, ಡಿಸೆಂಬರಿನ ಮೊದಲಲ್ಲಿ ಬಿಡುಗಡೆ ಮಾಡಿದಳು. ಕೆಲವೇ ದಿನಗಳಲ್ಲಿ ಕೋಟೆಯು ಕಂಪನಿಯ ವಶವಾಯಿತು. ಆಕೆಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲಿಯೇ ತೀರಿಕೊಂಡಳು, ಆಕೆಯ ಸಮಾಧಿಯೂ ನಮ್ಮೂರಲ್ಲಿಯೇ ಇದೆ. ಬದುಕುಳಿದ ವಾಲ್ಟರ್ ಎಲಿಯಟ್ಟನಾದರೋ ಮುಂದೆ ಕನ್ನಡನಾಡಿನ ಊರೂರುಗಳಲ್ಲಿ ಹುಲ್ಲು ಬೆಳೆದು ಬಿದ್ದಿದ್ದ ಶಾಸನಗಳಲ್ಲಿ ಸುಮಾರು 600ನ್ನು ಪ್ರತಿಮಾಡಿಸಿ, ನಮ್ಮ ಚಾಲುಕ್ಯರನ್ನು ನಮಗೇ ಪರಿಚಯಿಸಿದವರಲ್ಲಿ ಮೊದಲಿಗನಾದನು. ರಾಣಿಯು ಇದನ್ನೆಲ್ಲ ಎಣಿಸಿ ಅವನನ್ನು ಉಳಿಸಿದಳೆಂದು ಯಾರೂ ಹೇಳಲಾರರು. ಸೆರೆಯಾಳೊಬ್ಬನು ಹಸಿದಿದ್ದನು, ಊಟವಿಕ್ಕಿದರು.

ನಮ್ಮ ಅಜ್ಜಿಯನ್ನು ರಾಣಿಯ ಸಾಲಿಗೆ ಸೇರಿಸುವ ಧಾರ್ಷ್ಟ್ಯ ನನಗಿಲ್ಲ. ಆಕೆಯ ಕ್ಷಮೆಗೆ ಗಡಿಯಿದ್ದಿತು. ಹತ್ತಿಯ ತೂಕದಲ್ಲಿ ನಮಗೆ ಮೋಸಮಾಡಿದ್ದ ಪೇಟೆಯ ದಲಾಲನೊಬ್ಬನು ಪ್ರತಿ ಜಾತ್ರೆಗೂ ಕುಟುಂಬಸಮೇತನಾಗಿ ಬಂದು, ನಮ್ಮ ಪಡ್ಡಲಗಿಗೆ ತುಪ್ಪ ಸುರಿದ ದೊಡ್ಡ ದೊಡ್ಡ ಕಡುಬುಗಳನ್ನು ಹಾಕುತ್ತಿದ್ದನು. ಅಜ್ಜಿಯು ಒಂದು ಮಾತೂ ಆಡದೆ ಹಾಕಿಸಿಕೊಳ್ಳುತ್ತಿದ್ದಳು, ಅವನ ಮಕ್ಕಳ ಹಣೆಗೆ ಭಂಡಾರವನ್ನೂ ಹಚ್ಚುತ್ತಿದ್ದಳು. ನೈವೇದ್ಯವಾದ ಮೇಲೆ ಆ ಕಡುಬುಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದು ನಮಗೆ ಹಂಚಿ, ತಾನು ಒಣರೊಟ್ಟಿಯನ್ನು ಮುರಿದುಕೊಂಡು ಕೂಡುತ್ತಿದ್ದಳು.