ಐದು ನಿಮಿಷ ಅಲುಗದ ನಕ್ಷತ್ರ

ಮೊಬೈಲಲ್ಲೇ ಚಂದ್ರನ ಫೋಟೊ ಬರುವಾಗ ನಿನ್ನ ಒಂದು ಫೋಟೊಗೆ ಎರಡು ಗಂಟೆ ಯಾಕೆ ಬೇಕು ಅಂತ ಅಮ್ಮ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಅದರಲ್ಲೂ ಮಗ ಎರಡು ತಿಂಗಳ ಸಂಬಳವನ್ನು ಮೂರು ಕಾಲಿನ ಒಂದು ಯಂತ್ರಕ್ಕೆ ಸುರಿದು ತಂದಿರುವಾಗ ಕೇಳಲೇಬೇಕಾದ ಪ್ರಶ್ನೆ.

ಉತ್ತರ ಇಷ್ಟೇ. ಚಂದ್ರನಿಗೆ ಬೆಳಕು ಧಾರಾಳ. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಮಸುಕಾಗಿ ಕಾಣುವ ನೀಹಾರಿಕೆ ಹಾಗಲ್ಲ. ಸುಮಾರು 1,300 ಜ್ಯೋತಿರ್ವರ್ಷ ದೂರದಿಂದ ಬರುವ ಅದರ ಬೆಳಕು ಕ್ಯಾಮೆರಾದೊಳಗೆ ಹನಿಹನಿಯಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಅಬ್ಬಿ ನೀರಿಗೆ ಕೊಡ ಇಟ್ಟು ಕಾಯುವ ಹಾಗೆ ಕಾಯಬೇಕು. ತೊಂದರೆ ಏನೆಂದರೆ, ನಾವು ಕೊಡ ಇಟ್ಟ ನೆಲವೇ ತಿರುಗುತ್ತಿದೆ. ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. 400 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ ನಕ್ಷತ್ರ ಸೆಕೆಂಡಿಗೆ ಏಳೆಂಟು ಪಿಕ್ಸೆಲ್ ಜಾರುತ್ತದೆ. ಹತ್ತು ಸೆಕೆಂಡಿನಲ್ಲಿ ಚುಕ್ಕಿ ಗೆರೆಯಾಗಿರುತ್ತದೆ.

ಆ ಮೂರು ಕಾಲಿನ ಯಂತ್ರದ ಹೆಸರು ಇಕ್ವಟೋರಿಯಲ್ ಮೌಂಟ್. ಭೂಮಿ ತಿರುಗುವ ವೇಗದಲ್ಲೇ ಅದು ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಅದಕ್ಕೆ ಮೊದಲು ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮನಾಗಿ ನಿಲ್ಲಬೇಕು. ಯೂಟ್ಯೂಬಿನವರೆಲ್ಲ "ಧ್ರುವ ನಕ್ಷತ್ರಕ್ಕೆ ಗುರಿ ಇಡಿ, ಮುಗಿಯಿತು" ಎನ್ನುತ್ತಾರೆ. ಅವರು ಇರುವುದು ಯುರೋಪಿನಲ್ಲಿ, ಅಮೆರಿಕದಲ್ಲಿ. ನಾನಿರುವುದು ಕೊಪ್ಪ ತಾಲೂಕಿನಲ್ಲಿ. ಒಂದು ಊರು ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದೆಯೋ ಧ್ರುವ ನಕ್ಷತ್ರ ಅಲ್ಲಿ ದಿಗಂತದಿಂದ ಸುಮಾರು ಅಷ್ಟೇ ಡಿಗ್ರಿ ಮೇಲಿರುತ್ತದೆ. ನಮಗೆ ಅದು ಹದಿಮೂರೂವರೆ ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ನಮ್ಮ ಅಂಗಳದಿಂದ ಉತ್ತರಕ್ಕೆ ನೋಡಿದರೆ ಅಲ್ಲಿರುವುದು ಅಡಿಕೆ ತೋಟ, ಅದರ ಹಿಂದೆ ಗುಡ್ಡ. ಧ್ರುವ ಕಾಣುವುದೇ ಇಲ್ಲ.

ಕಾಣದಿದ್ದರೂ ದಾರಿ ಇದೆ. ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವುದು ಭೂಮಧ್ಯರೇಖೆಗೆ ಹೆಚ್ಚುಕಡಿಮೆ ನೇರ ಮೇಲಿದೆ. ಅದು ನೆತ್ತಿಯ ಹತ್ತಿರ ಬಂದಾಗ ದೂರದರ್ಶಕವನ್ನು ಅದರತ್ತ ತಿರುಗಿಸಿ ಸುಮ್ಮನೆ ನೋಡುತ್ತ ಕೂರಬೇಕು. ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಅಕ್ಷ ಪೂರ್ವ ಪಶ್ಚಿಮದಲ್ಲಿ ಸರಿಯಿಲ್ಲ ಅಂತ ಲೆಕ್ಕ. ಸ್ಕ್ರೂ ಸ್ವಲ್ಪ ತಿರುಗಿಸಿ ಮತ್ತೆ ನೋಡುವುದು. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ಇನ್ನೊಂದು ನಕ್ಷತ್ರ ಹಿಡಿದು ಅಕ್ಷದ ಎತ್ತರ ಸರಿಮಾಡುವುದು. ಇದಕ್ಕೆ ಡ್ರಿಫ್ಟ್ ಅಲೈನ್ಮೆಂಟ್ ಎನ್ನುತ್ತಾರೆ. ನನಗೆ ಇದು ಕೈಗೆ ಹತ್ತಲು ಒಂದು ವಾರದ ರಾತ್ರಿಗಳು ಬೇಕಾದವು.

ಇಷ್ಟಾದರೂ ಮೌಂಟಿನ ಹಲ್ಲಿನ ಚಕ್ರಗಳು ನೂರಕ್ಕೆ ನೂರು ಸಮ ಇರುವುದಿಲ್ಲ. ಆಟೊಗೈಡಿಂಗ್ ಬರುವುದು ಇಲ್ಲಿ. ದೊಡ್ಡ ಲೆನ್ಸಿನ ಬೆನ್ನ ಮೇಲೆ ಒಂದು ಪುಟ್ಟ ದೂರದರ್ಶಕ, ಅದರ ತುದಿಗೆ ಇನ್ನೊಂದು ಪುಟ್ಟ ಕ್ಯಾಮೆರಾ. ಅದು ಒಂದು ನಕ್ಷತ್ರವನ್ನು ಆರಿಸಿಕೊಂಡು ಎರಡು ಸೆಕೆಂಡಿಗೊಮ್ಮೆ ಚಿತ್ರ ತೆಗೆಯುತ್ತದೆ. ಲ್ಯಾಪ್‌ಟಾಪಿನಲ್ಲಿರುವ ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ ಆ ನಕ್ಷತ್ರ ಕೂದಲೆಳೆಯಷ್ಟು ಸರಿದಿದ್ದರೂ ಗುರುತಿಸಿ ಮೋಟಾರಿಗೆ ಹೇಳುತ್ತದೆ. ಸೈಕಲ್ ಬಿಡುವವನ ಕೈ ಹ್ಯಾಂಡಲನ್ನು ಗೊತ್ತಾಗದ ಹಾಗೆ ತಿದ್ದುತ್ತಿರುತ್ತದಲ್ಲ, ಹಾಗೆ.

ಹೊಸಬರಿಗೆ ಒಂದು ಮಾತು. ತಿದ್ದುವ ಆತುರ ಬೇಡ. ಅರ್ಧ ಸೆಕೆಂಡಿಗೊಮ್ಮೆ ತಿದ್ದಲು ಹೊರಟರೆ ಮೌಂಟ್ ನಕ್ಷತ್ರವನ್ನಲ್ಲ, ಗಾಳಿಯಲ್ಲಿ ಅದು ಮಿನುಗುವುದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮೂರು ಸೆಕೆಂಡು ಬಿಟ್ಟು ತಿದ್ದಿದರೆ ಗ್ರಾಫು ತಣ್ಣಗಿರುತ್ತದೆ. ಇನ್ನೊಂದು ಸಂಗತಿ ಇಬ್ಬನಿ. ಜನವರಿಯಲ್ಲಿ ಹತ್ತು ಗಂಟೆಗೇ ಲೆನ್ಸಿನ ಮೇಲೆ ನೀರು ಕೂರುತ್ತದೆ. ಲೆನ್ಸಿಗೆ ಸುತ್ತುವ ಬಿಸಿ ಪಟ್ಟಿ ಇಲ್ಲದೆ ಮಲೆನಾಡಿನಲ್ಲಿ ಈ ಕೆಲಸ ಆಗುವುದಿಲ್ಲ.

ಹೀಗೆ ಐದೈದು ನಿಮಿಷದ 24 ಚಿತ್ರ ತೆಗೆದರೆ ಎರಡು ಗಂಟೆ. ಅವನ್ನೆಲ್ಲ ಸಿರಿಲ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಪೇರಿಸಿದಾಗ ನೀಹಾರಿಕೆಯ ಕೆಂಪು ರೆಕ್ಕೆಗಳು ಮೇಲೆ ಬಂದವು. ನಕ್ಷತ್ರಗಳು ಚುಕ್ಕಿಗಳಾಗಿಯೇ ಇದ್ದವು. ಅಮ್ಮ "ಪರ್ವಾಗಿಲ್ಲ" ಅಂದಳು. ಅಜ್ಜ ಮಾತ್ರ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ನೋಡಿ, "ಆರಿದ್ರೆ ಎಲ್ಲೈತೆ?" ಅಂದರು.

ಅಜ್ಜನಿಗೆ ನಕ್ಷತ್ರ ಅಂದರೆ ಮಳೆ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರಿನ ಮಳೆ. ಹಾಗಾಗಿ ಆರಿದ್ರೆ ಮಳೆ ಸುರಿಯುವಾಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಬೇಕಾದರೆ ಚಳಿಗಾಲದ ರಾತ್ರಿಯೇ ಆಗಬೇಕು. ಅಜ್ಜನ ಕಣ್ಣಿಗೆ ಈಗ ಪೊರೆ ಬಂದಿದೆ. ಮರುದಿನ ಆರಿದ್ರೆಯನ್ನೇ ಹಿಡಿದು ಕಿತ್ತಳೆ ಬಣ್ಣದ ದೊಡ್ಡ ಚುಕ್ಕಿಯಾಗಿ ತೋರಿಸಿದೆ. "ಪುಷ್ಯ?" ಅಂದರು. ನನಗೀಗ ಒಂದು ಪಟ್ಟಿಯೇ ಸಿಕ್ಕಿದೆ.

ಪುಷ್ಯದಲ್ಲೇ ಕೆಲಸ ನಿಂತಿತು. ಅದರ ನಕ್ಷತ್ರಗಳು ಮಂಕು. ಅದೇ ತಿಂಗಳು ನಮ್ಮ ತಿರುವಿನ ಕಂಬಕ್ಕೆ ಪಂಚಾಯಿತಿಯವರು ಬಿಳಿ ಎಲ್‌ಇಡಿ ದೀಪ ಹಾಕಿದ್ದರು. ಅಂಗಳದಲ್ಲಿ ಪೇಪರ್ ಓದುವಷ್ಟು ಬೆಳಕು.

ಪತ್ರಿಕೆಯಲ್ಲಿದ್ದಾಗ "ಬೀದಿದೀಪವಿಲ್ಲದೆ ಪರದಾಟ" ಅಂತ ನಾನೇ ಎಷ್ಟು ಸಲ ಬರೆದಿದ್ದೇನೆ. ಬರೆದದ್ದು ಸರಿಯೇ. ಈಗಲೂ ಬರೆಯುತ್ತೇನೆ. ಕೆಳಮನೆ ಚಿಕ್ಕಮ್ಮ ಬೆಳಗಿನ ಜಾವ ಡೈರಿಗೆ ಹಾಲು ಹಾಕಲು ಹೋಗುವ ದಾರಿ ಅದು. ಕಾಡುಕೋಣ ದಾಟುವ ಜಾಗವೂ ಅದೇ. "ನಿಂಗೆ ಕತ್ಲೆ ಬೇಕು, ನಂಗೆ ದಾರಿ ಕಾಣ್ಬೇಕಲ್ಲ ಮಾರಾಯ" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆದರೆ ಇಬ್ಬರೂ ಕಂಬದ ಕೆಳಗೆ ನಿಂತು ನೋಡಿದಾಗ ಗೊತ್ತಾಯಿತು, ದೀಪವನ್ನು ಓರೆಯಾಗಿ ಕಟ್ಟಿದ್ದರು. ಬಹುಪಾಲು ಬೆಳಕು ತೋಟಕ್ಕೂ ಆಕಾಶಕ್ಕೂ ಹೋಗುತ್ತಿತ್ತು. ದಾರಿಯ ಮೇಲೆ ಬೀಳುತ್ತಿದ್ದದ್ದು ಕಡಿಮೆ. ಪಂಚಾಯಿತಿಗೆ ಅರ್ಜಿ ಕೊಟ್ಟೆವು. ಅರ್ಜಿಯಲ್ಲಿ ನಕ್ಷತ್ರದ ಮಾತಿಲ್ಲ, ದಾರಿಯದ್ದು ಮಾತ್ರ. ಮೊದಲ ಸಹಿ ಚಿಕ್ಕಮ್ಮನದು. ಮೂರು ವಾರದ ಮೇಲೆ ದೀಪವನ್ನು ನೆಲಕ್ಕೆ ಮುಖಮಾಡಿ ಬಗ್ಗಿಸಿ, ಮೇಲೊಂದು ತಗಡಿನ ಮರೆ ಹಾಕಿ ಹೋದರು. ಈಗ ತಿರುವಿನ ಚರಂಡಿಯವರೆಗೂ ಚೆನ್ನಾಗಿ ಕಾಣುತ್ತದೆ. ನಮ್ಮ ಅಂಗಳ ಕತ್ತಲಾಗಿದೆ.

ಪೇಟೆಯ ಹೈಮಾಸ್ಟ್ ದೀಪದ ಹೊಳಪು ಪಶ್ಚಿಮದಲ್ಲಿ ಇನ್ನೂ ಇದೆ. ಅದಕ್ಕೆ ಒಂದು ಅರ್ಜಿ ಸಾಲದು. ನೀವು ಈ ಹವ್ಯಾಸ ಶುರುಮಾಡುವುದಾದರೆ ಮೌಂಟ್ ಕೊಳ್ಳುವ ಮೊದಲು ಅಮಾವಾಸ್ಯೆಯ ರಾತ್ರಿ ನಿಮ್ಮ ಅಂಗಳಕ್ಕೆ ಬಂದು, ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಕೊಟ್ಟು, ಎಷ್ಟು ನಕ್ಷತ್ರ ಉಳಿದಿವೆ ನೋಡಿ. ದುಡ್ಡು ಕೊಟ್ಟರೆ ಮೌಂಟ್ ಯಾವಾಗಲೂ ಸಿಗುತ್ತದೆ. ಅಜ್ಜನ ಪಟ್ಟಿಯಲ್ಲಿ ಮುಂದಿನದು ಆಶ್ಲೇಷ.