ಯಾವ ಊರು ಹಿಡಿಸಿತು, ಯಾವ ಊರು ಹಿಡಿಸಲಿಲ್ಲ

ಪರವೂರಿಗೆ ಹೋಗಿ ಬಂದವರನ್ನು ನಾವು ಹೆಂಗಸರು ಸುಮ್ಮನೆ ಬಿಡುವುದುಂಟೇ? ಮದುವೆ ಮನೆಯಾಗಲಿ, ಅರಿಸಿನ ಕುಂಕುಮಕ್ಕೆ ಹೋದ ಮನೆಯಾಗಲಿ, ಒಂದೇ ಪ್ರಶ್ನೆ: "ಯಾವ ಊರು ಚೆನ್ನಾಗಿತ್ತು ರೀ?" ಮೊದಮೊದಲು ನಾನೂ ಎಲ್ಲರ ಹಾಗೆ ತಾಜಮಹಲು, ಸಮುದ್ರ, ಎತ್ತರದ ಕಟ್ಟಡ ಅಂತ ಒಪ್ಪಿಸಿಬಿಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಗೋಪುರ ನೋಡಿ ಊರನ್ನು ಮೆಚ್ಚುವುದು ಸೆರಗು ನೋಡಿ ಸೀರೆ ಕೊಂಡ ಹಾಗೆ. ಒಡಲು ಹೇಗಿದೆ ಅನ್ನೋದು ಮನೆಗೆ ತಂದು ಬಿಚ್ಚಿದ ಮೇಲೆ ತಾನೇ ಗೊತ್ತಾಗೋದು?

ಊರನ್ನು ಅಳೆಯಲು ನನ್ನದೇ ಒಂದು ಪಾವು ಇದೆ, ಹೇಳ್ತೀನಿ ಕೇಳಿ. ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ ನಾನೊಬ್ಬಳೇ ಬಾಗಿಲು ಹಾಕಿಕೊಂಡು ಹೊರಟು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದು, ದಾರಿಯಲ್ಲಿ ಯಾರ ಜೊತೆಗಾದರೂ ನಾಲ್ಕು ಮಾತಾಡಿ, ಹನ್ನೊಂದೂವರೆಗೆ ಮನೆ ಸೇರಬಹುದೇ? ಸೇರಬಹುದಾದರೆ ಅದು ಒಳ್ಳೆಯ ಊರು. ನಗಬೇಡಿ. ನೀವು ನೋಡಿದ ಊರುಗಳನ್ನೂ ಈ ಪಾವಿನಲ್ಲಿ ಅಳೆದು ನೋಡಿ, ಆಮೇಲೆ ಮಾತಾಡೋಣ.

ನಾನು ತಿಪಟೂರಿನವಳು. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು. 1994ರಲ್ಲಿ ಅವರಿಗೆ ಬೊಂಬಾಯಿಗೆ ವರ್ಗವಾಯಿತು. ಮರುವರ್ಷವೇ ಅದು ಮುಂಬೈ ಆಯಿತೆನ್ನಿ. ಮನೆ ಸಿಕ್ಕಿದ್ದು ಡೊಂಬಿವಲಿಯಲ್ಲಿ, ಅವರ ಆಫೀಸು ಕೋಟೆಯ ಕಡೆ, ಅಂದರೆ ಹೆಚ್ಚುಕಡಿಮೆ 50 ಕಿಲೋಮೀಟರು. ಬೆಳಿಗ್ಗೆ ಏಳಕ್ಕೆ ಹೋದವರು ರಾತ್ರಿ ಎಂಟಕ್ಕೆ ಬರೋರು. ಮಗಳು ಸ್ಕೂಲಿಗೆ ಹೋದ ಮೇಲೆ ನಾನು, ನಾಲ್ಕು ಗೋಡೆ, ಕಿಟಕಿಯಾಚೆ ಇನ್ನೊಬ್ಬರ ಕಿಟಕಿ. ಮೊದಲ ಮೂರು ತಿಂಗಳು ಅತ್ತದ್ದೇ ಬಂತು. ಕಾಫಿಪುಡಿ ಮುಗಿದಿರದಿದ್ದರೆ ಹಾಗೇ ಅಳುತ್ತಾ ಇರುತ್ತಿದ್ದೆನೋ ಏನೋ!

ನಮ್ಮ ಕಡೆಯ ಕಾಫಿಪುಡಿ, ಬಾಳೆಲೆ, ಕಟ್ಟಿದ ಮಲ್ಲಿಗೆ, ಎಲ್ಲಾ ಮಾಟುಂಗಾದಲ್ಲಿ ಸಿಗುತ್ತೆ ಅಂತ ಪಕ್ಕದ ಮನೆಯ ಮಂಗಳೂರಿನಾಕೆ ಹೇಳಿದರು. ಧೈರ್ಯ ಮಾಡಿ ಲೋಕಲ್ ಟ್ರೈನಿನ ಹೆಂಗಸರ ಡಬ್ಬಿ ಹತ್ತಿದೆ. ಹತ್ತಿದ್ದೇನು, ಹಿಂದಿನವರೇ ಹತ್ತಿಸಿದರು. ಇಳಿಯುವುದು ಮಾತ್ರ ಆಗಲಿಲ್ಲ. ಮಾಟುಂಗಾ ಬಂತು, ಹೋಯಿತು. ಜನರ ನಡುವೆ ಸಿಕ್ಕಿಕೊಂಡವಳು ದಾದರಿನಲ್ಲಿ ಇಳಿದಾಗ ಒಂದು ಕಾಲಿನ ಚಪ್ಪಲಿಯೇ ಇರಲಿಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ಒಂಟಿ ಚಪ್ಪಲಿಯಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದರೆ, ಅದೇ ಡಬ್ಬಿಯಿಂದ ಇಳಿದ ಮರಾಠಿ ಹೆಂಗಸೊಬ್ಬರು ಕೈ ಹಿಡಿದು ವಾಪಸು ಹೋಗುವ ಗಾಡಿಗೆ ಹತ್ತಿಸಿ, ಹಿಂದಿಯಲ್ಲಿ ಪಾಠ ಹೇಳಿಕೊಟ್ಟರು: ಇಳಿಯುವ ಸ್ಟೇಷನ್ನು ಬಂದಾಗ ಏಳುವುದಲ್ಲ, ಅದರ ಹಿಂದಿನದರಲ್ಲೇ ಬಾಗಿಲ ಹತ್ತಿರ ನಿಂತಿರಬೇಕು. ಮುಂದಿನವರನ್ನು "ಮಾಟುಂಗಾ?" ಅಂತ ಕೇಳಬೇಕು. ಅವರೂ ಇಳಿಯುವವರಾದರೆ ಅವರ ಬೆನ್ನಿಗೆ ಅಂಟಿಕೊಳ್ಳಬೇಕು.

ಅವತ್ತು ಬರಿಗಾಲಲ್ಲೇ ಕಾಫಿಪುಡಿ ತಂದೆ. ಆಮೇಲೆ ವಾರಕ್ಕೊಂದು ಸಲವಾದರೂ ಹೋಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಆ ಡಬ್ಬಿಯನ್ನು ನೀವು ನೋಡಬೇಕು! ಮೂರು ಜನರ ಬೆಂಚಿನ ಮೇಲೆ ನಾಲ್ಕನೆಯವರು ಅರ್ಧ ಕೂತು ಅರ್ಧ ಗಾಳಿಯಲ್ಲಿ ಇರುತ್ತಾರೆ. ಆಫೀಸಿನಿಂದ ಬರುವವರು ತೊಡೆಯ ಮೇಲೆ ಪೇಪರು ಹಾಸಿಕೊಂಡು ಬಟಾಣಿ ಸುಲಿಯುತ್ತಾರೆ, ಮೆಂತ್ಯದ ಸೊಪ್ಪು ಬಿಡಿಸುತ್ತಾರೆ. ಮನೆ ಸೇರುವ ಹೊತ್ತಿಗೆ ಪಲ್ಯಕ್ಕೆ ಒಗ್ಗರಣೆ ಹಾಕುವುದೊಂದೇ ಬಾಕಿ. ಒಬ್ಬರ ಹುಟ್ಟುಹಬ್ಬವಾದರೆ ಡಬ್ಬಿಗೆಲ್ಲ ಪೇಢೆ. ಜಗಳವೂ ಉಂಟು, ಇಲ್ಲವೆನ್ನುವುದಿಲ್ಲ. ಜಡೆ ಹಿಡಿದು ಎಳೆದದ್ದನ್ನೂ ಕಂಡಿದ್ದೇನೆ. ಆದರೆ ರಾತ್ರಿ ಒಂಬತ್ತಕ್ಕೆ ಒಬ್ಬಳೇ ಬಂದರೂ ಆ ಡಬ್ಬಿಯಲ್ಲಿ ಎದೆ ಡವಡವ ಅನ್ನಲಿಲ್ಲ. ನಾವು ಹೋಗುವುದಕ್ಕೆ ಮುಂಚೆಯೇ, 1992ರಲ್ಲೇ, ಪಶ್ಚಿಮ ರೈಲ್ವೆಯವರು ಇಡೀ ಗಾಡಿಯನ್ನೇ ಹೆಂಗಸರಿಗೆ ಅಂತ ಬಿಟ್ಟಿದ್ದರಂತೆ. ನನ್ನನ್ನು ಇಳಿಸದೆ ಸತಾಯಿಸಿದ ಮಾಟುಂಗಾ ಸ್ಟೇಷನ್ನನ್ನು 2017ರಲ್ಲಿ ಪೂರ್ತಿ ಹೆಂಗಸರ ಕೈಗೇ ಕೊಟ್ಟರು ಅಂತ ಪೇಪರಿನಲ್ಲಿ ಓದಿದಾಗ ನನ್ನ ತವರಿಗೆ ಬಿರುದು ಬಂದಷ್ಟು ಹಿಗ್ಗಿದೆ. 1998ರಲ್ಲಿ ಊರಿಗೆ ಮರಳುವಾಗಲೂ ಅತ್ತೆ, ಈ ಸಲ ಬಿಟ್ಟು ಬರಬೇಕಲ್ಲಾ ಅಂತ.

ದೆಹಲಿ ನನಗೆ ಹಿಡಿಸಲಿಲ್ಲ. ರಸ್ತೆಗಳು ಅಗಲ, ಮರಗಳು ಚೆನ್ನ, ಕೆಂಪುಕೋಟೆ ಚೆನ್ನ. ಆದರೆ ಸಂಜೆ ಆರಾದ ಮೇಲೆ ನಾವು ಇಳಿದುಕೊಂಡಿದ್ದ ಮನೆಯವರು "ಒಬ್ಬರೇ ಹೊರಗೆ ಹೋಗಬೇಡಿ" ಅಂದರು. ಅಂದವರು ಅಲ್ಲೇ ಮೂವತ್ತು ವರ್ಷ ಬಾಳಿದವರು. ಕಾಶಿಯಲ್ಲಿ ಹಾಗಲ್ಲ ನೋಡಿ. ಗೋದೌಲಿಯಾ ಹತ್ತಿರದ ಗಲ್ಲಿಗಳಲ್ಲಿ ಸಗಣಿ ತುಳಿದೆ, ಗೂಳಿಗೆ ಹೆದರಿ ಅಂಗಡಿಯೊಳಗೆ ನುಗ್ಗಿದೆ. ಆದರೂ ಬೆಳಗಿನ ಜಾವ ನಾಲ್ಕಕ್ಕೇ ಹೆಂಗಸರು ಗುಂಪುಗುಂಪಾಗಿ ಘಾಟಿಗೆ ಇಳಿಯುತ್ತಿದ್ದರು. ಜಂಗಮವಾಡಿ ಮಠದ ಕಡೆ ಹೋದರೆ ಕನ್ನಡ ಕಿವಿಗೆ ಬೀಳುತ್ತಿತ್ತು. ಕೊಳಕು ಊರು ಅಂತ ನಮ್ಮವರು ಮೂಗು ಮುಚ್ಚಿಕೊಂಡರು. ನನಗೆ ಇನ್ನೂ ನಾಲ್ಕು ದಿನ ಇರೋಣ ಅನ್ನಿಸಿತ್ತು.

ಇನ್ನು ನಮ್ಮ ಬೆಂಗಳೂರು. ಇದನ್ನು ಬರೆದರೆ ಅಲ್ಲಿರುವ ನಾದಿನಿಗೆ ಕೋಪ ಬರುತ್ತೆ, ಬರಲಿ. ಗಾಂಧಿ ಬಜಾರಿನ ಹೂವು, ಲಾಲ್‌ಬಾಗಿನ ಬೆಳಗು, ಇವೆರಡಕ್ಕೆ ಕೈ ಮುಗೀತೀನಿ. ಉಳಿದಂತೆ ಆ ಊರಲ್ಲಿ ರಸ್ತೆ ದಾಟುವುದು ನದಿ ದಾಟಿದ ಹಾಗೆ. ಫುಟ್‌ಪಾತಿನ ಮೇಲೆ ಸ್ಕೂಟರು ಬರುತ್ತೆ; ಸ್ಕೂಟರು ಬರದ ಕಡೆ ಕಲ್ಲುಚಪ್ಪಡಿ ಎದ್ದಿರುತ್ತೆ. 2011ರಲ್ಲಿ ಮೆಟ್ರೋ ಬಂತು, 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸೂ ಪುಕ್ಕಟೆ ಆಯಿತು, ಎರಡೂ ಒಳ್ಳೆಯದೇ. ಆದರೆ ಮೆಟ್ರೋ ಇಳಿದು ನಾದಿನಿ ಮನೆ ತಲುಪುವ ಅರ್ಧ ಮೈಲಿಯಲ್ಲಿ ನನ್ನ ಮಂಡಿ ಎರಡು ಸಲ ಕೆತ್ತಿಹೋಗಿದೆ.

ಹೊರದೇಶದಲ್ಲಿ ನನಗೆ ಬಹಳ ಹಿಡಿಸಿದ್ದು ಸಿಂಗಪುರ. 2019ರಲ್ಲಿ ತಮ್ಮನ ಮಗನ ಮನೆಯಲ್ಲಿ ಹದಿನೈದು ದಿನ ಇದ್ದೆ. ಅಲ್ಲಿ ಬಹಳ ಜನರ ವಾಸ ಸರ್ಕಾರ ಕಟ್ಟಿಸಿದ ಎತ್ತರದ ಮನೆಗಳಲ್ಲಿ. ಕಟ್ಟಡದ ಕೆಳಗಿನ ನೆಲ ಮಾತ್ರ ನಮ್ಮ ದೇವಸ್ಥಾನದ ಪ್ರಾಕಾರದ ಹಾಗೆ ಬಯಲು. ಚೀನೀ ಅಜ್ಜಿಯರು, ಮಲಯ ಅಜ್ಜಿಯರು, ತಮಿಳು ಪಾಟಿಯರು ಅಲ್ಲಿ ಕೂತಿರುತ್ತಾರೆ. ಮೂರನೇ ದಿನವೇ ಕಾರ್ಡು ತೋರಿಸಿ ರೈಲು ಹತ್ತಿ, ಒಬ್ಬಳೇ ಲಿಟ್ಲ್ ಇಂಡಿಯಾಕ್ಕೆ ಹೋಗಿ, ಟೆಕ್ಕಾ ಮಾರ್ಕೆಟ್ಟಿನಲ್ಲಿ ನುಗ್ಗೆಕಾಯಿ, ಕರಿಬೇವು ಕೊಂಡು ಬಂದೆ. ಒಂದು ತಮಾಷೆ ಕೇಳಿ. ಅಲ್ಲಿನ ಊಟದ ಕಟ್ಟೆಗಳಲ್ಲಿ ಖಾಲಿ ಮೇಜಿನ ಮೇಲೆ ಒಂದು ಪುಟ್ಟ ಕಾಗದದ ಕರವಸ್ತ್ರದ ಪೊಟ್ಟಣ ಇಟ್ಟು ಹೋದರೆ ಆ ಜಾಗ ಅವರದು! ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದ ಹಾಗೆಯೇ ಅಲ್ಲವೇ?

ಈಗ ಹಿಡಿಸದ ಊರಿನ ಮಾತು. ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ.

2016ರ ಏಪ್ರಿಲಿನಲ್ಲಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದೆ, ಟೆಕ್ಸಾಸಿನ ಡಲ್ಲಾಸ್ ಪಕ್ಕದ ಅರ್ವಿಂಗ್ ಅನ್ನುವ ಊರಿಗೆ. ತಿಪಟೂರಿನವಳು ಬಾಣಂತಿಗೆ ಕೊಬ್ಬರಿ ಒಯ್ಯದೆ ಇರುತ್ತೇನೆಯೇ? ವಿಮಾನದಲ್ಲಿ ಒಣಕೊಬ್ಬರಿ ಬಿಡುವುದಿಲ್ಲ, ಎಣ್ಣೆಯಂಶ ಇರುವುದರಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದಂತೆ ಅಂತ ಹೊರಡುವ ಹಿಂದಿನ ರಾತ್ರಿ ಗೊತ್ತಾಗಿ ಅಷ್ಟೂ ಗಿಟುಕು ಇಲ್ಲೇ ಉಳಿಯಿತು. ನೀವೂ ನೆನಪಿಟ್ಟುಕೊಳ್ಳಿ.

ಹೋದ ಹೊಸತರಲ್ಲಿ ರಸ್ತೆಯ ಪಕ್ಕದಲ್ಲೆಲ್ಲ ನೀಲಿ ಹೂವು, ಬ್ಲೂಬಾನೆಟ್ ಅಂತ, ಟೆಕ್ಸಾಸಿನ ರಾಜ್ಯಪುಷ್ಪ. ಕಣ್ಣಿಗೆ ಹಬ್ಬ. ಭಾನುವಾರ ಅಳಿಯ ಕಾರಿನಲ್ಲಿ ಕೂರಿಸಿಕೊಂಡು ಹೋಗಿ 1963ರಲ್ಲಿ ಕೆನಡಿಯವರಿಗೆ ಗುಂಡು ಹೊಡೆದ ಜಾಗ ತೋರಿಸಿದ, ಏಕತಾ ಮಂದಿರಕ್ಕೆ ಕರೆದೊಯ್ದ, ಪಾರ್ಕಿನಲ್ಲಿ ನಿಂತ ಗಾಂಧೀಜಿ ಪ್ರತಿಮೆ ತೋರಿಸಿದ. ಎಲ್ಲಾ ಸರಿ. ಸೋಮವಾರ ಅವನು ಕಾರು ತೆಗೆದುಕೊಂಡು ಹೋದ ಮೇಲೆ ಊರು ಬಾಗಿಲು ಹಾಕಿಕೊಳ್ಳುತ್ತಿತ್ತು.

ಹೇಗೆ ಅಂತೀರಾ? ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಒಣಹಾಕುವ ಹಾಗಿಲ್ಲ. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಸೂರಿನಲ್ಲಿರುವ ಹೊಗೆಗಂಟೆ ಕಿವಿ ಕಿತ್ತುಹೋಗುವ ಹಾಗೆ ಕೂಗಿ, ಮಲಗಿದ ಕೂಸು ಬೆಚ್ಚಿ ಅಳುತ್ತೆ. ನಮ್ಮವರ ದಿನಸಿ ಅಂಗಡಿ ಒಂದೂವರೆ ಮೈಲಿ. ತಿಪಟೂರಿನಲ್ಲಿ ಅದೇನು ದೂರವೇ? ಒಂದು ದಿನ ಸೀರೆ ಸೆಕ್ಕಿಕೊಂಡು ಹೊರಟೇಬಿಟ್ಟೆ. ಸ್ವಲ್ಪ ದೂರಕ್ಕೇ ಕಾಲುದಾರಿ ಮುಗಿಯಿತು, ಮುಂದೆ ಬರೀ ಹುಲ್ಲು, ಪಕ್ಕದಲ್ಲಿ ಗುಂಯ್ಯೆನ್ನುವ ಕಾರುಗಳು. ಒಬ್ಬಾಕೆ ಕಾರು ನಿಲ್ಲಿಸಿ, ಏನಾದರೂ ತೊಂದರೆಯೇ, ಸಹಾಯ ಬೇಕೇ ಅಂತ ಕೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು ಪಾಪ. ಆದರೆ ಒಬ್ಬಳು ಹೆಂಗಸು ಸುಮ್ಮನೆ ನಡೆದು ಹೋಗುವುದೇ ತೊಂದರೆಯ ಗುರುತು ಅನ್ನುವ ಊರನ್ನು ನಾನು ಅವತ್ತೇ ಕಂಡದ್ದು. ತಿರುಗಿ ಬಂದೆ. ಆಮೇಲೆ ಜುಲೈ ಬಂತು, 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಬಿಸಿಲು, ಅದೂ ಮುಗಿಯಿತು.

ಒಂದು ಮಧ್ಯಾಹ್ನ ಊರಿನಿಂದ ತಂಗಿ ಫೋನು ಮಾಡಿದಳು. ಮಗಳು ಒಳಗೆ ಮಲಗಿದ್ದಾಳೆ ಅಂದುಕೊಂಡು ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಟ್ಟೆ. "ಎ.ಸಿ. ಹಾಕಿದ ಜೈಲು ಕಣೇ ಇದು. ಯಾವ ಸುಖಕ್ಕೆ ಇಂಥ ಊರಲ್ಲಿ ಇರ್ತಾರೋ!" ಅಂದೆ.

ಅವಳು ಮಲಗಿರಲಿಲ್ಲ. ಆ ದಿನವೆಲ್ಲ ಬೇಕಾದ್ದಕ್ಕೆ ಮಾತ್ರ ಮಾತು, ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ರಾತ್ರಿ ಎರಡು ಗಂಟೆಗೆ ಕೂಸು ಎದ್ದಾಗ, ಹಾಲೂಡಿಸುತ್ತಾ, ನನ್ನ ಮುಖ ನೋಡದೆ ಅಂದಳು: "ಅಮ್ಮ, ನೀನು ನಾಲ್ಕು ತಿಂಗಳಿಗೇ ಜೈಲು ಅಂತೀಯ. ನಾನು ಬಂದು ಮೂರು ವರ್ಷ ಆಯ್ತು."

ನಿಮಗೆ ಹೇಗೆ ಹೇಳಲಿ? ಇಂಜಿನಿಯರಿಂಗ್ ಓದಿದ ಹುಡುಗಿ. ಗಂಡನ ಜೊತೆ ಹೋಗುವ ಎಚ್-4 ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. 2015ರಲ್ಲಿ ಕೆಲವರಿಗೆ ಅವಕಾಶ ಕೊಟ್ಟರು, ಆದರೆ ಗಂಡನ ಗ್ರೀನ್ ಕಾರ್ಡಿನ ಕಾಗದ ಒಂದು ಹಂತ ದಾಟಿದ್ದವರಿಗೆ ಮಾತ್ರ. ಅಳಿಯನದು ದಾಟಿರಲಿಲ್ಲ. ಆಗಿನ್ನೂ ಅವಳಿಗೆ ಕಾರು ಓಡಿಸಲೂ ಬರುತ್ತಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ "ಚೆನ್ನಾಗಿದೀನಮ್ಮ" ಅಂತಿದ್ದಳು. ನಾನು ಅವಳ ಫೋಟೋಗಳನ್ನು ಬೀದಿಗೆಲ್ಲ ತೋರಿಸಿಕೊಂಡು ಓಡಾಡಿದ್ದೆ. ಡೊಂಬಿವಲಿಯ ನಾಲ್ಕು ಗೋಡೆಯ ಮಧ್ಯೆ ಮೂರು ತಿಂಗಳು ಅತ್ತವಳಿಗೆ, ಮಗಳು ಏನು ಮಾಡ್ತಿದ್ದಾಳೆ ಹಗಲೆಲ್ಲ ಅಂತ ಒಂದು ಸಲವಾದರೂ ಕೇಳಬೇಕು ಅನ್ನಿಸಲಿಲ್ಲವಲ್ಲ!

ಮರುದಿನ ಬೆಳಿಗ್ಗೆ ಆರಕ್ಕೇ, ಬಿಸಿಲೇರುವ ಮೊದಲು, ಕೂಸನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಇಬ್ಬರೂ ಕೆಳಗಿಳಿದೆವು. ಊರೊಳಗೆ ಹೋಗಲಾಗದಿದ್ದರೆ ಬೇಡ, ನಮ್ಮ ಕಟ್ಟಡಗಳ ಸುತ್ತಲೇ ಪ್ರದಕ್ಷಿಣೆ. ಐದನೇ ದಿನ ಎದುರಿನಿಂದ ಬಿಳಿ ಕ್ಯಾನ್ವಾಸ್ ಬೂಟಿನ ಮೇಲೆ ಸೀರೆಯುಟ್ಟ ಗುಜರಾತಿ ಅಜ್ಜಿಯೊಬ್ಬರು ಬಂದರು. ಇಷ್ಟು ದಿನ ಇಲ್ಲೇ, ಎರಡು ಕಟ್ಟಡದ ಆಚೆ ಇದ್ದರಂತೆ. ಆಮೇಲೆ ಗುಂಟೂರಿನಾಕೆ ಸಿಕ್ಕರು, ಅವರೂ ಬಾಣಂತನಕ್ಕೆ ಬಂದವರೇ. ಕಾಗದದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿರುವ ಕಡೆ ನೆರಳಿನಲ್ಲಿ ಒಂದು ಬೆಂಚು ಇತ್ತು. ಆಗಸ್ಟಿನ ಹೊತ್ತಿಗೆ ಅಲ್ಲಿ ಐದು ಜನ. ನಾನು ಹುರುಳಿಕಾಯಿ ತಂದು ನಾರು ತೆಗೆಯತೊಡಗಿದೆ, ಗುಂಟೂರಿನಾಕೆ ಗೋಂಗೂರ ಸೊಪ್ಪು ತಂದರು. ಮೂರು ಜನರ ಬೆಂಚು, ನಾಲ್ಕನೆಯವರು ಅರ್ಧ ಗಾಳಿಯಲ್ಲಿ, ಐದನೆಯವರು ನಿಂತುಕೊಂಡು. ಮಗಳು ಮಾತ್ರ ಅವರೆಲ್ಲರ ಮೊಮ್ಮಕ್ಕಳ ತಾಯಂದಿರ ಫೋನ್ ನಂಬರು ಬರೆದುಕೊಂಡಳು. ಅವರಲ್ಲೊಬ್ಬಳೇ ಮುಂದೆ ಅವಳಿಗೆ ಕಾರು ಕಲಿಸಿದ್ದು.

ಇಷ್ಟಾದರೂ ಆ ಊರು ನನಗೆ ಹಿಡಿಸಿತು ಅಂತ ಸುಳ್ಳು ಹೇಳಲಾರೆ. ಇವತ್ತಿಗೂ ನನ್ನ ಪಾವಿಗೆ ಅದು ಬಹಳ ಕಮ್ಮಿಯೇ. ಬಾಣಂತನಕ್ಕೆ ಹೊರಟಿರುವವರು ಹೋಗುವ ಮೊದಲೇ ಕೇಳಿಕೊಳ್ಳಿ: ನಡೆದು ಹೋಗುವಷ್ಟು ಹತ್ತಿರ ಅಂಗಡಿ ಇದೆಯೇ, ಬಸ್ಸು ಇದೆಯೇ, ಅಕ್ಕಪಕ್ಕ ನಮ್ಮ ವಯಸ್ಸಿನವರು ಯಾರಿದ್ದಾರೆ. ಮಗಳು ಹಗಲೆಲ್ಲ ಏನು ಮಾಡ್ತಾಳೆ ಅನ್ನೋದನ್ನೂ ಕೇಳಿ. ಬಟ್ಟೆ ಮೆತ್ತಗಿರುವ ಬೂಟು ಒಂದು ಜೊತೆ ಇಟ್ಟುಕೊಳ್ಳಿ, ಸೀರೆಗೆ ಒಪ್ಪುವುದಿಲ್ಲ ಅಂತ ನಾಚಬೇಡಿ.

ಮಗಳಿಗೆ ಈಗ ಕೆಲಸವಿದೆ. ಮನೆ ಬದಲಾಯಿಸಿದ್ದಾರೆ, ಆದರೆ ಆಫೀಸಿಗೆ ಹೋಗುವ ದಾರಿ ಆ ಹಳೆಯ ಕಟ್ಟಡಗಳ ಮುಂದೆಯೇ. ಮೊನ್ನೆ ಭಾನುವಾರ ಫೋನಿನಲ್ಲಿ ಅಂದಳು, ಆ ಬೆಂಚಿನ ಮೇಲೆ ಯಾರೋ ಹೊಸ ಅಜ್ಜಿ ಒಬ್ಬರೇ ಕೂತಿದ್ದರಂತೆ, ಸೀರೆಯ ಮೇಲೆ ಸ್ವೆಟರು.

"ಕಾರು ನಿಲ್ಲಿಸಿ ಮಾತಾಡಿಸಬೇಕಿತ್ತು ಕಣೇ" ಅಂದೆ.

"ನಿಲ್ಲಿಸಿದೆ ಅಮ್ಮ. ದಾವಣಗೆರೆಯವರಂತೆ" ಅಂದಳು.