ಬೆನ್ನ ಹಿಂದಿನ ಚಪ್ಪಾಳೆ

ಮುಂಬಯಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ‘ಸುಈ’ ಎಂಬ ಒಂದೇ ಶಬ್ದ ಮೂರು ವಸ್ತುಗಳಿಗೆ ಸಲ್ಲುತ್ತದೆ. ರೆಕಾರ್ಡಿನ ಗೆರೆಯಲ್ಲಿ ಓಡುವ ವಜ್ರದ ಮೊನೆ ಸುಈ. ಆ ಮೊನೆಯನ್ನು ಹಿಡಿದುಕೊಂಡಿರುವ, ಎಳೆದರೆ ಕಳಚಿ ಬರುವ ಪುಟ್ಟ ತುಂಡೂ ಸುಈ. ಮೊನೆಯ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಇಡೀ ಕಾರ್ಟ್ರಿಜ್ಜೂ ಸುಈಯೇ. ನಮ್ಮಲ್ಲಿ ‘ಮುಳ್ಳು’ ಎಂದರೂ ಇದೇ ಕಥೆ. ಹಳೆ ಹಿಂದಿ ಹಾಡು ಕೇಳುವವರಿಗೆ ಇದರಿಂದ ನಷ್ಟವೇನೂ ಇಲ್ಲ, ಅಂಗಡಿಯವನು ಯಂತ್ರ ನೋಡಿ ಸರಿಯಾದದ್ದನ್ನು ಕೊಡುತ್ತಾನೆ. ಆದರೆ ಡೊಂಬಿವಲಿಯಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಬಂದಿಳಿಯುತ್ತಿದ್ದ ಆ ನಿವೃತ್ತ ರೈಲ್ವೆ ಗುಮಾಸ್ತರಿಗೆ ಮೂರೂ ಬೇರೆಬೇರೆಯಾಗಿ ಬೇಕಿತ್ತು. ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತಿತ್ತು.

ಅವರು ಕುಮಟಾ ಕಡೆಯವರು. ಅವರ ಅಣ್ಣ ಸರಕು ಹಡಗಿನಲ್ಲಿ ಕೆಲಸಕ್ಕಿದ್ದವರು. 1974ರಲ್ಲಿ ಯೊಕೊಹಾಮಾದಿಂದ ಜೆವಿಸಿ ಕಂಪನಿಯ ಒಂದು ಟರ್ನ್‌ಟೇಬಲ್, 4ಡಿಡಿ-5 ಎಂಬ ಪೆಟ್ಟಿಗೆ ಮತ್ತು ನಾಲ್ಕು ಆಲ್ಬಮ್‌ಗಳನ್ನು ತಂದಿದ್ದರು. ಗೋರೆಗಾಂವಿನ ಎರಡು ಕೋಣೆಯ ಮನೆಯ ನಾಲ್ಕು ಮೂಲೆಗೂ ಸ್ಪೀಕರ್ ಇಟ್ಟು, ನಡುವೆ ಚಾಪೆ ಹಾಸಿ ಕೂರುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಕಾರ್ಟ್ರಿಜ್ ಹಾಳಾಯಿತು. ಬದಲಿ ಸಿಗಲಿಲ್ಲ. ಆಮೇಲೆ ಅದೇ ರೆಕಾರ್ಡುಗಳು ಎಚ್‌ಎಂವಿ ಫಿಯೆಸ್ಟಾದ ಮೇಲೆ ತಿರುಗಿದವು. ಅಣ್ಣ ತೀರಿಕೊಂಡರು. ಎಪ್ಪತ್ತೆಂಟರ ಅತ್ತಿಗೆಗೆ ಈಗ ಒಂದು ಕಿವಿಗೆ ಯಂತ್ರ ಬಂದಿದೆ. ಒಂದು ದಿನ ಅವರು ಮೈದುನನಿಗೆ ಹೇಳಿದರು: “ಇವ್ರು ಇದ್ದಾಗ ಚಪ್ಪಾಳೆ ಬೆನ್ನ ಹಿಂದಿನಿಂದ ಬರ್ತಿತ್ತು ಮಾರಾಯಾ. ಈಗ ಎಲ್ಲಾ ಮುಂದೇ. ಅದೊಂದು ಸಲ ಸರಿ ಮಾಡ್ಸು.”

ಕ್ವಾಡ್ರಫೋನಿಕ್, ಎಂದರೆ ನಾಲ್ಕು ದಿಕ್ಕಿನಿಂದ ಕೇಳುವ ರೆಕಾರ್ಡು, 1970ರ ದಶಕದ ಉತ್ಸಾಹ. ಅದಕ್ಕೆ ಕಾರ್ಟ್ರಿಜ್ ಹುಡುಕುವವರು ಮೊದಲು ಮಾಡಬೇಕಾದದ್ದು ಲಕೋಟೆಯ ಮೂಲೆಯ ಗುರುತು ಓದುವುದು. ಸಿಬಿಎಸ್ ಕಂಪನಿಯ ‘ಎಸ್‌ಕ್ಯೂ’, ಸಾನ್ಸುಯಿಯ ‘ಕ್ಯೂಎಸ್’ ಎಂದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಆ ಪದ್ಧತಿಗಳಲ್ಲಿ ನಾಲ್ಕು ಧ್ವನಿಗಳನ್ನು ಎರಡರೊಳಗೆ ಮಡಚಿ ಇಟ್ಟಿರುತ್ತಾರೆ. ಯಾವ ಒಳ್ಳೆಯ ಸ್ಟೀರಿಯೊ ಕಾರ್ಟ್ರಿಜ್ ಆದರೂ ನಡೆಯುತ್ತದೆ, ಬಿಡಿಸಿ ಕೊಡುವ ಡಿಕೋಡರ್ ಮಾತ್ರ ಬೇಕು. ಪಿಂಕ್ ಫ್ಲಾಯ್ಡ್ ತಂಡದ ‘ಡಾರ್ಕ್ ಸೈಡ್ ಆಫ್ ದ ಮೂನ್’ನ ನಾಲ್ಕು ದಿಕ್ಕಿನ ರೆಕಾರ್ಡು ಎಸ್‌ಕ್ಯೂ. ಅದಕ್ಕಾಗಿ ವಿಶೇಷ ಮುಳ್ಳು ಕೊಳ್ಳುವುದು ದುಡ್ಡು ದಂಡ.

ಅಣ್ಣನ ನಾಲ್ಕೂ ಆಲ್ಬಮ್‌ಗಳ ಮೇಲೆ ಇದ್ದದ್ದು ‘ಸಿಡಿ-4’. ಇದು ಜೆವಿಸಿಯವರ ಪದ್ಧತಿ, ಅಮೆರಿಕದಲ್ಲಿ ಆರ್‌ಸಿಎ ಇದನ್ನು ‘ಕ್ವಾಡ್ರಾಡಿಸ್ಕ್’ ಎಂದು ಮಾರಿತು. ಇಲ್ಲಿ ಏನನ್ನೂ ಮಡಚಿಲ್ಲ. ಗೆರೆಯ ಎಡಗೋಡೆಯಲ್ಲಿ ಎಡ ಮುಂದಿನ ಮತ್ತು ಎಡ ಹಿಂದಿನ ಧ್ವನಿಗಳ ಮೊತ್ತವನ್ನು ಎಂದಿನಂತೆ ಕೊರೆದಿರುತ್ತಾರೆ, ಬಲಗೋಡೆಯಲ್ಲಿ ಬಲದ್ದು. ಮುಂದಿನದರಿಂದ ಹಿಂದಿನದನ್ನು ಕಳೆದಾಗ ಉಳಿಯುವ ವ್ಯತ್ಯಾಸವನ್ನು 30 ಕಿಲೊಹರ್ಟ್ಸಿನ ಒಂದು ವಾಹಕ ತರಂಗದ ಮೇಲೆ ಹೇರಿ ಅದೇ ಗೋಡೆಯಲ್ಲಿ ಇನ್ನೂ ಸಣ್ಣದಾಗಿ ಕೊರೆಯುತ್ತಾರೆ. ಎಫ್‌ಎಂ ರೇಡಿಯೊದ್ದೇ ಉಪಾಯ, ಆಕಾಶದ ಬದಲು ವಿನೈಲಿನಲ್ಲಿ. 4ಡಿಡಿ-5 ಪೆಟ್ಟಿಗೆ ಮೊತ್ತ ಮತ್ತು ವ್ಯತ್ಯಾಸಗಳನ್ನು ಕೂಡಿದರೆ ಮುಂದಿನ ಧ್ವನಿ, ಕಳೆದರೆ ಹಿಂದಿನದು. ಪ್ರಾಥಮಿಕ ಶಾಲೆಯ ಲೆಕ್ಕ.

ತೊಂದರೆ ಇರುವುದು ಆ ಸಣ್ಣ ಕೊರೆತದಲ್ಲಿ. ಅದು ಸುಮಾರು 45 ಕಿಲೊಹರ್ಟ್ಸ್‌ವರೆಗೆ ಹಬ್ಬಿರುತ್ತದೆ, ಮನುಷ್ಯನ ಕಿವಿ 20ಕ್ಕೇ ನಿಲ್ಲುತ್ತದೆ. ದುಂಡು ಮೊನೆಯ ಮುಳ್ಳು ಆ ಕಿರುಬಳುಕುಗಳೊಳಗೆ ಇಳಿಯುವುದೇ ಇಲ್ಲ, ಮೇಲೆ ಜಾರಿಕೊಂಡು ಹೋಗುತ್ತದೆ. ಅದಕ್ಕೆಂದೇ ಜೆವಿಸಿಯ ಎಂಜಿನಿಯರ್ ನೊರಿಯೊ ಶಿಬಾಟಾ ಬೇರೆ ಆಕಾರದ ಮೊನೆ ರೂಪಿಸಿದರು. ಓಟದ ದಿಕ್ಕಿನಲ್ಲಿ ಅದು ಬಹಳ ತೆಳು, ಗೋಡೆಯ ಎತ್ತರದ ಉದ್ದಕ್ಕೂ ಮಾತ್ರ ಚೆನ್ನಾಗಿ ತಾಗಿಕೊಂಡಿರುತ್ತದೆ. ಭಾರ ಹಂಚಿಹೋಗುವುದರಿಂದ ಸವೆತವೂ ಕಡಿಮೆ.

ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರುಗಳದ್ದು ಸೆರಾಮಿಕ್ ಕಾರ್ಟ್ರಿಜ್, ದುಂಡು ಮೊನೆ, ಭಾರವಾದ ಕೈ. ಅದು ಸಿಡಿ-4 ರೆಕಾರ್ಡನ್ನು ನುಡಿಸುತ್ತದೆ, ಚೆನ್ನಾಗಿಯೇ ಕೇಳಿಸುತ್ತದೆ. ನುಡಿಸುತ್ತಲೇ ವಾಹಕ ತರಂಗವನ್ನು ಉಜ್ಜಿ ಹಾಕುತ್ತಿರುತ್ತದೆ. ಆ ತರಂಗ ಕಿವಿಗೆ ಕೇಳದ್ದಾದ್ದರಿಂದ ಅದು ಹೋಗುವುದೂ ಕೇಳುವುದಿಲ್ಲ. ಹಾಗಾಗಿ ‘ನಮ್ಮ ಯಂತ್ರದಲ್ಲಿ ಓಡುತ್ತದಲ್ಲ’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಬೆನ್ನ ಹಿಂದಿನ ಚಪ್ಪಾಳೆ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದು ಸರಿಯಾದ ಕಾರ್ಟ್ರಿಜ್ ಬಂದ ದಿನವೇ ಗೊತ್ತಾಗಬೇಕು. ತಪ್ಪು ಮುಳ್ಳಿನಲ್ಲಿ ಪರೀಕ್ಷೆ ಮಾಡಹೋದರೆ ಪರೀಕ್ಷೆಯೇ ಇನ್ನಷ್ಟು ಅಳಿಸುತ್ತದೆ. ಮೈದುನ ಆಲ್ಬಮ್‌ಗಳನ್ನೆಲ್ಲ ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅತ್ತಿಗೆಗೆ ಸಿಟ್ಟು ಬಂತು. “ನೀನು ಮುಳ್ಳು ತರೂದ್ರೊಳಗೆ ನನ್ನ ಇನ್ನೊಂದು ಕಿವಿನೂ ಹೋಗ್ತದೆ ನೋಡು.” ಆ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ.

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಂದು ಹಳೆ ಜೆವಿಸಿ ಕಾರ್ಟ್ರಿಜ್ ಸಿಕ್ಕಿತು, ಡಬ್ಬಿ ಸಮೇತ, ಬಳಸದ್ದು. ಬಳಸದ್ದು ಎಂದರೆ ಹೊಸದು ಎಂದಲ್ಲ. ಮೊನೆಯ ಕಡ್ಡಿಯನ್ನು ಹಿಡಿದಿರುವ ರಬ್ಬರ್ ಐವತ್ತು ವರ್ಷದಲ್ಲಿ ಕಲ್ಲಾಗಿತ್ತು. ಲ್ಯಾಮಿಂಗ್ಟನ್ ರೋಡಿನಲ್ಲಿ ಒಬ್ಬರು ಶಿಬಾಟಾ ಮೊನೆಯ ಹೊಸ ಆಡಿಯೊ-ಟೆಕ್ನಿಕಾ ವಿಎಂ95ಎಸ್‌ಎಚ್ ತೋರಿಸಿದರು. ಮೊನೆ ಸರಿ, ಆದರೆ ಕಂಪನಿಯೇ ಕೊಟ್ಟ ಕಾಗದದಲ್ಲಿ ಅದರ ವ್ಯಾಪ್ತಿ 25 ಕಿಲೊಹರ್ಟ್ಸಿಗೆ ಮುಗಿಯುತ್ತದೆ. ಒಳಗಿನ ಸುರುಳಿಯಲ್ಲಿ ಸುತ್ತು ಹೆಚ್ಚಿದ್ದಷ್ಟೂ ಮೇಲಿನ ತರಂಗಗಳು ಅಲ್ಲೇ ಕುಸಿಯುತ್ತವೆ. ಶಿಬಾಟಾ ಎಂಬ ಹೆಸರೊಂದನ್ನೇ ನೋಡಿ ಕೊಳ್ಳುವವರು ಜಾರುವುದು ಇಲ್ಲಿಯೇ. ಹೋದಲ್ಲೆಲ್ಲ ಜನ ಹೇಳಿದ್ದು, ರಿದಮ್ ಹೌಸ್ ಇದ್ದಿದ್ದರೆ ಕೇಳಬಹುದಿತ್ತು ಎಂದು. ಕಾಳಾ ಘೋಡಾದ ಆ ಅಂಗಡಿ 2016ರಲ್ಲಿ ಮುಚ್ಚಿತು. ಮುಂಬಯಿಯಲ್ಲಿ ಸಂಗೀತಕ್ಕೆ ಸಂಬಂಧಿಸಿದ ಯಾವುದು ಸಿಗದಿದ್ದರೂ ಈಗ ಅದರ ಹೆಸರೇ ಸಮಜಾಯಿಷಿ.

ಕೊನೆಗೆ ಗೊತ್ತು ಮಾಡಿದ್ದು ಮೂವಿಂಗ್ ಕಾಯಿಲ್ ಜಾತಿಯ ಎಟಿ-ಒಸಿ9ಎಕ್ಸ್‌ಎಸ್‌ಎಚ್. ಸುರುಳಿಯ ಸುತ್ತು ಕಡಿಮೆ, ಮೊನೆ ಶಿಬಾಟಾ, ವ್ಯಾಪ್ತಿ 50 ಕಿಲೊಹರ್ಟ್ಸ್. ಆದರೆ ಅದು ಕೊಡುವ ವಿದ್ಯುತ್ತು ಅರ್ಧ ಮಿಲಿವೋಲ್ಟಿಗೂ ಕಡಿಮೆ. ಹಳೆ ಪೆಟ್ಟಿಗೆಗೆ ಅದು ಸಾಲದು, ನಡುವೆ ಇನ್ನೊಂದು ಕಿರು ಆಂಪ್ಲಿಫೈಯರ್ ಬೇಕು, ಅದೂ 45 ಕಿಲೊಹರ್ಟ್ಸ್ ದಾಟಿಸುವಂಥದ್ದಾಗಿರಬೇಕು. ಜೊತೆಗೆ ತಂತಿ. ಸಿಡಿ-4ಕ್ಕೆ ತಂತಿಯ ಧಾರಕತೆ ಒಟ್ಟಾರೆ 100 ಪಿಕೊಫ್ಯಾರಡ್‌ನ ಆಸುಪಾಸು ಇರಬೇಕೆಂಬುದು ಅಂದಿನ ನಿಯಮ. ಮೂವಿಂಗ್ ಕಾಯಿಲಿಗೆ ಇದರ ಕಾಟ ಕಡಿಮೆ, ಆದರೂ ಗುಮಾಸ್ತರು ಗಿಡ್ಡ ತಂತಿಯನ್ನೇ ಬೆಸೆಸಿದರು. ಜಪಾನಿನ 100 ವೋಲ್ಟಿಗೆಂದು ಅಣ್ಣ ಇಟ್ಟುಕೊಂಡಿದ್ದ ಟ್ರಾನ್ಸ್‌ಫಾರ್ಮರ್ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಎಲ್ಲ ಸೇರಿ ಒಂದೂವರೆ ತಿಂಗಳ ಪಿಂಚಣಿ. ಮಗ ಮುಖ ಸಿಂಡರಿಸಿದ. ನಾಲ್ಕು ಆಲ್ಬಮ್‌ಗೆ ಇಷ್ಟೇ? ಲೆಕ್ಕ ಹಾಕಿದರೆ ಅವನದೇ ಸರಿ.

ಭಾನುವಾರ ಮಧ್ಯಾಹ್ನ ಗೋರೆಗಾಂವಿನಲ್ಲಿ ಮೊದಲು ಹಾಕಿದ್ದು ಎಲ್ವಿಸ್ ಪ್ರೆಸ್ಲಿ 1973ರ ಜನವರಿಯಲ್ಲಿ ಹೊನೊಲುಲುವಿನಲ್ಲಿ ಹಾಡಿದ, ಉಪಗ್ರಹದ ಮೂಲಕ ಬಿತ್ತರವಾದ ಕಛೇರಿಯ ಜೋಡಿ ರೆಕಾರ್ಡು. ಚಪ್ಪಾಳೆ ಇದ್ದದ್ದು ಅದರಲ್ಲೇ. ವಾಹಕ ತರಂಗ ಸಿಕ್ಕರೆ ಪೆಟ್ಟಿಗೆಯ ಮೇಲೊಂದು ಕೆಂಪು ದೀಪ ಉರಿಯಬೇಕು. ಮೊದಲ ಬದಿಯಲ್ಲಿ ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು. ಹಿಂದಿನ ಸ್ಪೀಕರುಗಳಿಂದ ಮರಳು ಕಾಗದ ಉಜ್ಜಿದ ಸದ್ದು. ದೀಪ ಆರಿದಾಗೆಲ್ಲ ಮುಂದೆಯೂ ಹಿಂದೆಯೂ ಒಂದೇ ಧ್ವನಿ.

“ಇದು ಇವ್ರಿಗೆ ಬಾಳ ಸೇರೂದು” ಎಂದರು ಅತ್ತಿಗೆ. “ದಿನಾ ಇದೇ ಬದಿ.”

“ಮತ್ತೆ ಅಣ್ಣ ಹಾಕದೇ ಇದ್ದದ್ದು ಯಾವ್ದು ಅತ್ತಿಗೆ?”

ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ನಾಲ್ಕನೆಯ ಬದಿ. ಅಷ್ಟರೊಳಗೆ ಊಟಕ್ಕೆ ಕರೆಯುತ್ತಿದ್ದರಂತೆ. ಅದನ್ನು ಹಾಕಿದಾಗ ದೀಪ ಕದಲದೆ ಉರಿಯಿತು. ಅತ್ತಿಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಚಾಪೆ ಇರುತ್ತಿದ್ದ ಜಾಗಕ್ಕೆ ತಂದುಕೊಂಡು, ಯಂತ್ರವಿರುವ ಕಿವಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು. ಹಾಡು ಮುಗಿದು ಜನ ಚಪ್ಪಾಳೆ ತಟ್ಟಿದಾಗ ಒಮ್ಮೆ ಹಿಂದಿರುಗಿ ನೋಡಿದರು.

ಉಳಿದ ಮೂರು ಆಲ್ಬಮ್‌ಗಳನ್ನು ಅಣ್ಣನಿಗೆ ಇಷ್ಟವಿರದಿದ್ದ ಬದಿಯಿಂದ ಶುರು ಮಾಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದಾರೆ.